ಜಾನ್ ಡ್ಯೂಯಿಯ ಕಲಾಮೀಮಾಂಸೆಯೂ ಆಧುನಿಕ ಚಿತ್ರಕಾರರೂ

ಶಾಸ್ತ್ರವು ಮೊದಲೋ ಪ್ರಯೋಗವು ಮೊದಲೋ ಎಂಬ ಪ್ರಶ್ನೆ ವಿದ್ವತ್ಪ್ರಪಂಚದಲ್ಲಿ ಬಹು ಪ್ರಾಚೀನವಾದುದು. ಭಾಷೆಯನ್ನಾಡುವ ಜನರು ಮೊದಲು ಹುಟ್ಟಿದರು. ವೈಯಾಕರಣನು ಅವರ ಹಿಂದೆ ಬಂದನು. ಕವಿಗಳು ಕಾವ್ಯವನ್ನು ಕಟ್ಟಿದ ಮೇಲೆಯೇ ಆಲಂಕಾರಿಕನು ಅದರ ಗುಣದೋಷಗಳನ್ನು ಎಣಿಸಲು ಕುಳಿತನು. ಹದಿಮೂರನೆಯ ಶತಮಾನದಲ್ಲಿ ಕನ್ನಡಕ್ಕೆ ‘ಶಬ್ದಮಣಿದರ್ಪಣ’ವನ್ನು ಕೊಟ್ಟ ಕೇಶಿರಾಜನು ತನ್ನ ಸೂತ್ರಗಳಿಗೆ ಪೂರ್ವಕವಿಗಳ ಪ್ರಯೋಗಗಳನ್ನೇ ಆಧಾರವಾಗಿ ಹಿಡಿದದ್ದು ಈ ಕ್ರಮವನ್ನು ಬಲ್ಲವನಾದ್ದರಿಂದಲೇ. ಲಕ್ಷ್ಯವನ್ನು ಕಣ್ಣಾರೆ ಕಂಡು ಲಕ್ಷಣವನ್ನು ಬರೆಯಬೇಕೇ ಹೊರತು, ಲಕ್ಷಣವನ್ನು ಮನಸ್ಸಿನಲ್ಲಿ ಮೊದಲೇ ಕಟ್ಟಿಕೊಂಡು ಲಕ್ಷ್ಯವನ್ನು ಅದರ ಅಚ್ಚಿನಲ್ಲಿ ಒತ್ತಬಾರದು. ಇದು ಎಲ್ಲರೂ ಒಪ್ಪುವ ಮಾತು. ಆದರೆ ಎಲ್ಲರೂ ನಡೆಸುವ ಮಾತಲ್ಲ.

ಪಾಶ್ಚಾತ್ಯ ದೇಶಗಳಲ್ಲಿ ಕಲೆಯನ್ನು ಕುರಿತು ಬರೆದ ತತ್ತ್ವಜ್ಞಾನಿಗಳಲ್ಲಿ ಲಕ್ಷ್ಯಪರಿಚಯವಿಲ್ಲದೆಯೇ ಲಕ್ಷಣವನ್ನು ನಿರೂಪಿಸಿದವರು ಅನೇಕರು. ಕ್ಯೋನಿಗ್ಸ್‌ಬರ್ಗ್ ಪ್ರಾಂತವನ್ನು ಬಿಟ್ಟು ದೂರ ಹೋಗದಿದ್ದ ಕಾಂಟ್ ಮಹಾಶಯನು 1790ರಲ್ಲಿ ಸೌಂದರ್ಯನಿರ್ಣಯವನ್ನು ಕುರಿತು ಅತ್ಯಂತ ಗಹನವಾದ ಗ್ರಂಥವನ್ನು ರಚಿಸಿದನು. ಆದರೆ ಅವನು ಕೊಡುವ ಉದಾಹರಣೆಗಳಲ್ಲಿ ಹೂವುಗಳು, ಹಕ್ಕಿಗಳು, ಎಲೆಬಳ್ಳಿಯ ಅಲಂಕಾರಗಳು ಎದ್ದು ಕಾಣುತ್ತವೆ. ಒಬ್ಬ ಚಿತ್ರಕಾರನ ಒಂದು ಪಟದ ಮುಂದೆ ಗಳಿಗೆ ಹೊತ್ತು ನಿಂತವನ ಮಾತು ಅಲ್ಲಿ ಕೇಳಿಸುವುದಿಲ್ಲ. ಕಾಂಟನ ಬುದ್ಧಿಯ ಪ್ರಖರತೆಗೆ ಇದರಿಂದ ಕುಂದಿಲ್ಲ. ಆದರೆ ಹಣ್ಣನ್ನು ರುಚಿ ನೋಡದೆ ರುಚಿಯ ಶಾಸ್ತ್ರವನ್ನು ಬರೆದಂತೆ ಅದು ಒಂದು ಬಗೆಯಲ್ಲಿ ಒಣಗಿ ನಿಲ್ಲುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ, ಎಪ್ಪತ್ತರ ಅಂಚಿನ ವಯಸ್ಸಿನಲ್ಲಿ ಚಿತ್ರಪಟಗಳ ಮುಂದೆ ವಿದ್ಯಾರ್ಥಿಯಂತೆ ಕುಳಿತು, ಅವು ಕಲಿಸಿದ್ದನ್ನು ಕಲಿತು, ಅನಂತರ ಲಕ್ಷಣವನ್ನು ಬರೆದ ಒಬ್ಬ ತತ್ತ್ವಜ್ಞಾನಿಯೂ ಅದೇ ಪಶ್ಚಿಮದಲ್ಲಿ ಆಗಿಹೋದನು. ಅವನೇ ಅಮೆರಿಕದ ಜಾನ್ ಡ್ಯೂಯಿ.

ಡ್ಯೂಯಿಯ ಹೆಸರು ಉಪಾಧ್ಯಾಯವರ್ಗಕ್ಕೆ ಹೊಸದಲ್ಲ. ಶಿಕ್ಷಕರ ತರಬೇತಿ ಪಡೆದವರೆಲ್ಲರೂ ಮಾಡಿ ಕಲಿಯುವ ತತ್ತ್ವದ ಪ್ರವರ್ತಕನೆಂದು ಅವನನ್ನು ಓದಿಯೇ ಇರುತ್ತಾರೆ. 1859ರಲ್ಲಿ ವರ್ಮಾಂಟ್ ಪ್ರಾಂತದ ಬರ್ಲಿಂಗ್ಟನ್ನಿನಲ್ಲಿ ಹುಟ್ಟಿ, 1896ರಲ್ಲಿ ಷಿಕಾಗೋ ವಿಶ್ವವಿದ್ಯಾನಿಲಯದಲ್ಲಿ ಪ್ರಯೋಗಶಾಲೆಯೆಂಬ ಹೆಸರಿನ ಮಕ್ಕಳ ಶಾಲೆಯನ್ನು ತೆರೆದು, 1904ರಿಂದ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ತತ್ತ್ವಶಾಸ್ತ್ರವನ್ನು ಬೋಧಿಸಿದವನು ಅವನು. ಅಲ್ಲಿ 1913ರಿಂದ 1916ರವರೆಗೆ ವ್ಯಾಸಂಗ ಮಾಡಿದ ಡಾ. ಬಿ. ಆರ್. ಅಂಬೇಡ್ಕರರು ಅವನ ಪಾಠಗಳನ್ನು ಕೇಳಿ ಅವನನ್ನು ಗುರುವೆಂದು ಗೌರವಿಸಿದ್ದರು. 1916ರಲ್ಲಿ ಪ್ರಕಟವಾದ ‘ಡೆಮಾಕ್ರಸಿ ಅಂಡ್ ಎಜುಕೇಷನ್’ ಗ್ರಂಥವು ಜಗತ್ತಿನ ಶಿಕ್ಷಣಶಾಸ್ತ್ರದ ದಿಕ್ಕನ್ನೇ ಬದಲಿಸಿತು. ಇಷ್ಟೆಲ್ಲ ಸರ್ವವಿದಿತ. ಆದರೆ ಅದೇ ಡ್ಯೂಯಿಯು ತನ್ನ ವೃದ್ಧಾಪ್ಯದಲ್ಲಿ ಕಲಾಮೀಮಾಂಸೆಯ ಮೇಲೆ ಒಂದು ಮೇರುಗ್ರಂಥವನ್ನು ಬರೆದನೆಂಬುದೂ, ಆ ಗ್ರಂಥದ ಬೆನ್ನೆಲುಬು ತತ್ತ್ವಶಾಸ್ತ್ರದ ಪುಸ್ತಕಗಳಿಂದಲ್ಲದೆ ಫ್ರಾನ್ಸಿನ ಆಧುನಿಕ ಚಿತ್ರಕಾರರ ಕುಂಚದಿಂದ ಬಂದಿತೆಂಬುದೂ ಅಷ್ಟು ಪ್ರಚಾರದಲ್ಲಿಲ್ಲ. ಡ್ಯೂಯಿಯ ಶಿಕ್ಷಣತತ್ತ್ವವನ್ನು ಹಿಡಿದು ಕಲಾತತ್ತ್ವವನ್ನು ಬಿಟ್ಟವರು ಅವನನ್ನು ಅರ್ಧ ಮಾತ್ರ ಬಲ್ಲರು. ಬಿಟ್ಟುಹೋದ ಆ ಅರ್ಧವೇ ಶಾಲೆಗಳಿಗೆ ಹೆಚ್ಚು ಬೇಕಾದುದು.

ಡ್ಯೂಯಿಗೂ ಚಿತ್ರಕಾರರಿಗೂ ನಡುವೆ ಸೇತುವೆಯಾದವನು ಫಿಲಡೆಲ್ಫಿಯಾ ನಗರದ ಆಲ್ಬರ್ಟ್ ಬಾರ್ನ್ಸ್. 1872ರಲ್ಲಿ ಬಡ ಶ್ರಮಿಕರ ಕುಟುಂಬವೊಂದರಲ್ಲಿ ಹುಟ್ಟಿ, ವೈದ್ಯವಿದ್ಯೆಯನ್ನು ಕಲಿತು, ಬೆಳ್ಳಿಯ ಅಂಶವಿದ್ದ ‘ಆರ್ಜಿರಾಲ್’ ಎಂಬ ಔಷಧಿಯ ತಯಾರಿಕೆಯಿಂದ ಅಪಾರ ಸಂಪತ್ತನ್ನು ಗಳಿಸಿದವನು. ನವಜಾತ ಶಿಶುಗಳ ಕಣ್ಣಿನ ಸೋಂಕಿಗೆ ಆ ಔಷಧಿ ಹೆಸರಾಗಿತ್ತು. ಅವನ ಕಾರ್ಖಾನೆಯ ಕ್ರಮವೇ ವಿಲಕ್ಷಣವಾದುದು. ಎಂಟು ಗಂಟೆಯ ದಿನದಲ್ಲಿ ಆರು ಗಂಟೆ ಕೆಲಸ, ಎರಡು ಗಂಟೆ ಓದು ಮತ್ತು ಚರ್ಚೆ. ಗೋಡೆಗಳ ಮೇಲೆ ಚಿತ್ರಪಟಗಳು. ಬಿಳಿಯರೂ ಕರಿಯರೂ ಒಂದೇ ಕೋಣೆಯಲ್ಲಿ ಕುಳಿತು ವಿಲಿಯಂ ಜೇಮ್ಸನ ಮನಶ್ಶಾಸ್ತ್ರವನ್ನು ಓದುತ್ತಿದ್ದರು. ಬಾರ್ನ್ಸನು 1912ರಲ್ಲಿ ತನ್ನ ಶಾಲೆಯ ದಿನಗಳ ಸ್ನೇಹಿತನಾದ ಚಿತ್ರಕಾರ ವಿಲಿಯಂ ಗ್ಲ್ಯಾಕೆನ್ಸನ ಕೈಗೆ ಇಪ್ಪತ್ತು ಸಾವಿರ ಡಾಲರುಗಳನ್ನಿತ್ತು ಪ್ಯಾರಿಸ್ಸಿಗೆ ಕಳುಹಿಸಿದನು. ಗ್ಲ್ಯಾಕೆನ್ಸನು ಮೂವತ್ತಕ್ಕೂ ಮಿಕ್ಕ ಕೃತಿಗಳೊಡನೆ ಹಿಂದಿರುಗಿದನು. ಅವುಗಳಲ್ಲಿ ಸೆಜಾನ್, ರೆನ್ವಾರ್, ವಾನ್ ಗೋ, ಪಿಕಾಸೋ ಮೊದಲಾದವರ ಪಟಗಳಿದ್ದವು. ಆ ಬಿತ್ತನೆಯಿಂದ ಬೆಳೆದ ಸಂಗ್ರಹದಲ್ಲಿ ಇಂದು ರೆನ್ವಾರನ 181, ಸೆಜಾನನ 69, ಮಾತೀಸನ 59, ಪಿಕಾಸೋವಿನ 46 ಕೃತಿಗಳಿವೆ.

ಇಂತಹ ಬಾರ್ನ್ಸನು 1917–18ರ ವ್ಯಾಸಂಗವರ್ಷದಲ್ಲಿ ಫಿಲಡೆಲ್ಫಿಯಾದಿಂದ ನ್ಯೂಯಾರ್ಕಿಗೆ ಹೋಗಿ ಡ್ಯೂಯಿಯ ಗೋಷ್ಠಿಯಲ್ಲಿ ವಿದ್ಯಾರ್ಥಿಯಾಗಿ ಕುಳಿತನು. ಆಗ ಅವನ ವಯಸ್ಸು ನಲವತ್ತೈದು, ಗುರುವಿನದು ಐವತ್ತೆಂಟು. ಅಲ್ಲಿಂದ ಮೊದಲಾದ ಸ್ನೇಹವು ಬಾರ್ನ್ಸನು 1951ರಲ್ಲಿ ಮೋಟಾರು ಅಪಘಾತದಲ್ಲಿ ತೀರಿಕೊಳ್ಳುವವರೆಗೂ ಮುರಿಯಲಿಲ್ಲ. ಶಿಷ್ಯನು ಗುರುವಿನಿಂದ ಅನುಭವದ ತತ್ತ್ವವನ್ನೂ ವಿಚಾರದ ಕ್ರಮವನ್ನೂ ಪಡೆದನು. ಪ್ರತಿಯಾಗಿ ಗುರುವಿಗೆ ಚಿತ್ರವನ್ನು ನೋಡುವ ಕಣ್ಣನ್ನು ಕೊಟ್ಟನು. 1922ರಲ್ಲಿ ಬಾರ್ನ್ಸನು ತನ್ನ ಸಂಗ್ರಹವನ್ನು ವಸ್ತುಸಂಗ್ರಹಾಲಯವಾಗಿ ಅಲ್ಲ, ವಿದ್ಯಾಸಂಸ್ಥೆಯಾಗಿ ಸ್ಥಾಪಿಸಿದನು. ಫಿಲಡೆಲ್ಫಿಯಾದ ಹೊರವಲಯದ ಮೆರಿಯನ್ನಿನಲ್ಲಿ ಕಟ್ಟಿದ ಆ ಸಂಸ್ಥೆಯ ಭವನವನ್ನು 1925ರ ಮಾರ್ಚಿಯಲ್ಲಿ ಪ್ರಾರಂಭಿಸಿದಾಗ ಭಾಷಣ ಮಾಡಿದವನು ಡ್ಯೂಯಿ. ಅದರ ಶಿಕ್ಷಣ ವಿಭಾಗದ ಮೊದಲ ನಿರ್ದೇಶಕನೂ ಅವನೇ. ಅದೇ ವರ್ಷ ಪ್ರಕಟವಾದ ಬಾರ್ನ್ಸನ ಚಿತ್ರಕಲಾಗ್ರಂಥವು ಡ್ಯೂಯಿಗೆ ಅರ್ಪಿತವಾಯಿತು. ಒಂಬತ್ತು ವರ್ಷಗಳ ಮೇಲೆ ಪ್ರಕಟವಾದ ಡ್ಯೂಯಿಯ ಕಲಾಗ್ರಂಥವು ಬಾರ್ನ್ಸನಿಗೆ ಅರ್ಪಿತವಾಯಿತು. ಶಿಷ್ಯನಿಂದ ಸೋಲನ್ನು ಬಯಸಬೇಕೆಂದು ಹಿರಿಯರು ಹೇಳುವುದುಂಟು. ಡ್ಯೂಯಿ ಅದಕ್ಕಿಂತಲೂ ಒಂದು ಹೆಜ್ಜೆ ಮುಂದೆ ಹೋಗಿ ಶಿಷ್ಯನಿಂದ ಪಾಠವನ್ನು ಬಯಸಿದನು.

ಆ ಗ್ರಂಥದ ಹುಟ್ಟು ಹೀಗೆ. ವಿಲಿಯಂ ಜೇಮ್ಸನ ಸ್ಮಾರಕವಾಗಿ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಏರ್ಪಟ್ಟ ಉಪನ್ಯಾಸಮಾಲೆಯನ್ನು 1931ರಲ್ಲಿ ಆರಂಭಿಸಿಕೊಡಲು ಡ್ಯೂಯಿಗೆ ಆಹ್ವಾನ ಬಂತು. ಎಪ್ಪತ್ತೊಂದು ವರ್ಷದ ಆತನು ತಾನು ಅದುವರೆಗೆ ವಿಸ್ತಾರವಾಗಿ ಬರೆಯದಿದ್ದ ಕಲೆಯ ವಿಷಯವನ್ನೇ ಆರಿಸಿಕೊಂಡು ಹತ್ತು ಉಪನ್ಯಾಸಗಳನ್ನು ಮಾಡಿದನು. ಅವೇ ಬೆಳೆದು ಹದಿನಾಲ್ಕು ಅಧ್ಯಾಯಗಳ ‘ಆರ್ಟ್ ಆ್ಯಸ್ ಎಕ್ಸ್‌ಪೀರಿಯನ್ಸ್’, ಎಂದರೆ ‘ಅನುಭವರೂಪವಾದ ಕಲೆ’, ಎಂಬ ಗ್ರಂಥವಾಗಿ 1934ರಲ್ಲಿ ಹೊರಬಂತು. ಅದರ ಮುನ್ನುಡಿಯಲ್ಲಿ ಡ್ಯೂಯಿ ತನ್ನ ಋಣವನ್ನು ಮುಚ್ಚಿಡದೆ ಹೇಳಿಕೊಂಡಿದ್ದಾನೆ. ಒಂದೊಂದು ಅಧ್ಯಾಯವನ್ನೂ ಬಾರ್ನ್ಸನೊಡನೆ ಚರ್ಚಿಸಿದುದಾಗಿಯೂ, ಆ ಸಂಗ್ರಹದ ಚಿತ್ರಗಳ ಸನ್ನಿಧಿಯಲ್ಲಿ ವರ್ಷಗಳ ಕಾಲ ನಡೆದ ಸಂಭಾಷಣೆಗಳು ತನ್ನ ವಿಚಾರವನ್ನು ರೂಪಿಸಿದುದಾಗಿಯೂ ಅವನ ನಿವೇದನೆ. ಲೋಕವಿಖ್ಯಾತನಾದ ತತ್ತ್ವಜ್ಞಾನಿಯೊಬ್ಬನು ಇಂತಹ ಋಣವನ್ನು ಇಷ್ಟು ಸರಳವಾಗಿ ಒಪ್ಪಿಕೊಂಡದ್ದು ಅಪರೂಪ.

ಈ ಗ್ರಂಥದ ಮೂಲಪ್ರತಿಜ್ಞೆ ಸಂಕ್ಷೇಪವಾಗಿ ಇಷ್ಟು. ಕಲೆಯೆಂಬುದು ಸಂಗ್ರಹಾಲಯದ ಗೋಡೆಯ ಮೇಲೆ ತೂಗುವ ವಸ್ತುವಲ್ಲ. ಅದು ಒಂದು ಅನುಭವ. ಜೀವಿಯು ತನ್ನ ಪರಿಸರದೊಡನೆ ಸದಾ ವ್ಯವಹರಿಸುತ್ತಿರುತ್ತದೆ. ಏನನ್ನೋ ಮಾಡುತ್ತದೆ, ಮಾಡಿದ್ದರ ಫಲವನ್ನು ಉಣ್ಣುತ್ತದೆ. ಸಾಮಾನ್ಯವಾಗಿ ಈ ಮಾಡುವಿಕೆಗೂ ಉಣ್ಣುವಿಕೆಗೂ ಸಂಬಂಧ ತಪ್ಪಿಹೋಗಿರುತ್ತದೆ. ಮಾಡುತ್ತ ಹೋಗುವವನಿಗೆ ಏನಾಯಿತೆಂದು ನೋಡಲು ಬಿಡುವಿಲ್ಲ; ಉಣ್ಣುತ್ತ ಕೂತವನಿಗೆ ಕೈಯಾಡಿಸುವ ಮನಸ್ಸಿಲ್ಲ. ಆದರೆ ಯಾವಾಗಲೋ ಒಮ್ಮೆ ಎರಡೂ ಒಂದಕ್ಕೊಂದು ಹೆಣೆದುಕೊಂಡು, ಆರಂಭ, ಬೆಳವಣಿಗೆ, ಪರಿಪೂರ್ತಿಗಳುಳ್ಳ ಅಖಂಡವಾದ ಒಂದು ಅನುಭವ ಸಿದ್ಧಿಸುತ್ತದೆ. ಮರೆಯಲಾಗದ ಒಂದು ಊಟ, ಪ್ರಾಣಾಪಾಯದಿಂದ ಪಾರಾದ ಒಂದು ಸಮುದ್ರಯಾನ, ಒಬ್ಬ ಕುಶಲಕರ್ಮಿಯು ಮನವಿಟ್ಟು ಮುಗಿಸಿದ ಕೆಲಸ, ಇವೆಲ್ಲ ಈ ಜಾತಿಯವು. ಕಲೆಯು ಇದೇ ಅನುಭವದ ಅತ್ಯಂತ ಪರಿಷ್ಕೃತವಾದ ರೂಪ. ಆದ್ದರಿಂದ ಅಡಿಗೆಮನೆಯಲ್ಲಿಯೂ ಕಮ್ಮಾರಸಾಲೆಯಲ್ಲಿಯೂ ಕಲೆಯ ಬೇರುಗಳಿವೆ. ಬೇರನ್ನು ಕಡಿದು ಹೂವನ್ನು ಮಾತ್ರ ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ಅದು ಬಾಡುವುದು ನಿಶ್ಚಯ.

ಈ ಪ್ರತಿಜ್ಞೆಯ ಬೀಜವು ಡ್ಯೂಯಿಯ ಹಿಂದಿನ ಗ್ರಂಥಗಳಲ್ಲಿಯೂ ಇತ್ತೆಂಬುದು ನಿಜ. ಆದರೆ ಬೀಜವು ಬೀಜವಾಗಿಯೇ ಇತ್ತು. ಮಾಡುವಿಕೆ ಮತ್ತು ಉಣ್ಣುವಿಕೆ ಎಂಬ ಅಮೂರ್ತವಾದ ಜೋಡಿಗೆ ಮೂರ್ತರೂಪವನ್ನು ತೋರಿಸಿಕೊಟ್ಟವರು ಚಿತ್ರಕಾರರು. ಅವರಲ್ಲಿ ಮೊದಲು ಹೇಳಬೇಕಾದ ಹೆಸರು ಹೆನ್ರಿ ಮಾತೀಸ್. 1908ರಲ್ಲಿ ಪ್ರಕಟವಾದ ತನ್ನ ಟಿಪ್ಪಣಿಗಳಲ್ಲಿ ಮಾತೀಸನು ತಾನು ಚಿತ್ರಿಸುವ ಬಗೆಯನ್ನು ವಿವರಿಸಿದ್ದಾನೆ. ಬರಿಯ ಕ್ಯಾನ್ವಾಸಿನ ಮೇಲೆ ನೀಲಿ, ಹಸಿರು, ಕೆಂಪು ಎಂದು ಒಂದಾದ ಮೇಲೊಂದು ಬಣ್ಣವನ್ನಿಡುತ್ತ ಹೋದಂತೆ, ಹೊಸದಾಗಿ ಇಟ್ಟ ಪ್ರತಿಯೊಂದು ಬಣ್ಣವೂ ಮೊದಲಿಟ್ಟುದರ ಬಲವನ್ನು ಕುಗ್ಗಿಸುತ್ತದೆ. ಆದುದರಿಂದ ಚಿತ್ರಕಾರನು ಪ್ರತಿ ಹೆಜ್ಜೆಗೂ ಇಡೀ ಪಟದ ಸಂಬಂಧಗಳನ್ನು ಹೊಸದಾಗಿ ಸಮತೂಗಿಸಬೇಕು. ಕೆಂಪು ಮೇಲುಗೈಯಾದರೆ ಹಸಿರು ಮೊದಲಿನ ಹಸಿರಾಗಿ ಉಳಿಯುವುದಿಲ್ಲ. ಡ್ಯೂಯಿಯ ಗ್ರಂಥದಲ್ಲಿ ಈ ಸಾಕ್ಷ್ಯಕ್ಕೆ ಮಹತ್ತ್ವದ ಸ್ಥಾನವಿದೆ. ಕುಂಚವನ್ನಾಡಿಸುವುದು ಮಾಡುವಿಕೆ, ಆಡಿಸಿದ ಕುಂಚವು ಪಟದಲ್ಲಿ ಏನನ್ನು ಮಾಡಿತೆಂದು ಕಣ್ಣಿನಿಂದ ಗ್ರಹಿಸುವುದು ಉಣ್ಣುವಿಕೆ. ಎರಡೂ ಕ್ಷಣಕ್ಷಣಕ್ಕೂ ಒಂದನ್ನೊಂದು ತಿದ್ದುತ್ತವೆ. ಗ್ರಹಿಸದೆ ಕುಂಚವಾಡಿಸಿದವನು ಏನನ್ನು ಮಾಡುತ್ತಿದ್ದೇನೆಂದೇ ಅರಿಯನು.

ಇದಕ್ಕೆ ನಿದರ್ಶನವೆಂಬಂತೆ, ಡ್ಯೂಯಿ ಹಾರ್ವರ್ಡಿನಲ್ಲಿ ಉಪನ್ಯಾಸ ಮಾಡಿದ ಅದೇ ಕಾಲದಲ್ಲಿ ಮಾತೀಸನು ಮೆರಿಯನ್ನಿನ ಭವನಕ್ಕಾಗಿಯೇ ಒಂದು ಬೃಹಚ್ಚಿತ್ರವನ್ನು ರಚಿಸುತ್ತಿದ್ದನು. 1930ರಲ್ಲಿ ಅವನು ಅಮೆರಿಕಕ್ಕೆ ಬಂದಾಗ ಬಾರ್ನ್ಸನು ಮುಖ್ಯ ಮಂದಿರದ ಕಿಟಕಿಗಳ ಮೇಲಣ ಮೂರು ಕಮಾನುಗಳಿಗೆ ‘ನೃತ್ಯ’ವೆಂಬ ಚಿತ್ರವನ್ನು ಕೋರಿದ್ದನು. ಮಾತೀಸನು ಬಣ್ಣದ ಕಾಗದಗಳನ್ನು ಕತ್ತರಿಸಿ, ಆಕೃತಿಗಳನ್ನು ಪಟದ ಮೇಲೆ ಅತ್ತಿತ್ತ ಸರಿಸಿ, ಒಂದನ್ನು ಕದಲಿಸಿದಾಗ ಉಳಿದವು ಏನಾಗುವುವೆಂದು ನೋಡಿನೋಡಿ ರಚನೆಯನ್ನು ಸ್ಥಿರಪಡಿಸಿದನು. ಕೆಲಸ ಬಹಳ ಮುಂದುವರಿದ ಮೇಲೆ ಅಳತೆಯಲ್ಲಿ ತಪ್ಪಾಗಿದೆಯೆಂದು ಗೊತ್ತಾಯಿತು. ಆಗ ಅವನು ಇದ್ದುದನ್ನೇ ಹಿಗ್ಗಿಸಿ ಕುಗ್ಗಿಸಿ ಹೊಂದಿಸಲು ಹೋಗದೆ ಮತ್ತೆ ಮೊದಲಿನಿಂದ ಆರಂಭಿಸಿದನು. ಏಕೆಂದರೆ ಅಳತೆ ಬದಲಾದರೆ ಸಂಬಂಧಗಳೆಲ್ಲ ಬದಲಾಗುತ್ತವೆ. ಆ ಚಿತ್ರವು 1933ರ ಮೇ ತಿಂಗಳಿನಲ್ಲಿ ತನ್ನ ಸ್ಥಾನವನ್ನು ಸೇರಿತು. ಸಾಧನೆಯ ಈ ಶ್ರಮವನ್ನು ಬಲ್ಲವರು ಕಲೆಯನ್ನು ಸ್ಫೂರ್ತಿಯ ಲೀಲೆಯೆಂದು ಹಗುರವಾಗಿ ಹೇಳಲಾರರು.

ಎರಡನೆಯ ಗುರು ಪಾಲ್ ಸೆಜಾನ್. 1839ರಲ್ಲಿ ಹುಟ್ಟಿ 1906ರಲ್ಲಿ ಕಾಲವಾದ ಈತನು ಒಂದೇ ಬೆಟ್ಟವನ್ನು, ಒಂದೇ ಮೇಜಿನ ಮೇಲಣ ಸೇಬುಹಣ್ಣುಗಳನ್ನು ಬಿಟ್ಟೂಬಿಡದೆ ಚಿತ್ರಿಸಿದವನು. ರೇಖೆಯಿಂದ ಆಕಾರವನ್ನು ಬರೆದು ಅನಂತರ ಬಣ್ಣವನ್ನು ತುಂಬಬೇಕೆಂಬುದು ಚಿತ್ರಶಾಲೆಗಳ ಹಳೆಯ ಪಾಠ. ಸೆಜಾನನು ಬಣ್ಣವೇ ಆಕಾರವಾಗುವುದನ್ನು ಕಂಡನು. ಬಣ್ಣಗಳು ಪರಸ್ಪರ ಹೊಂದಿಕೊಂಡಷ್ಟೂ ರೇಖೆಯು ಸ್ಫುಟವಾಗುತ್ತದೆ. ರೇಖೆಗೆಂದು ಪ್ರತ್ಯೇಕವಾದ ಸ್ಥಾನವಿಲ್ಲ ಎಂಬುದು ಅವನ ಅಭಿಪ್ರಾಯ. ತತ್ತ್ವಶಾಸ್ತ್ರದಲ್ಲಿ ವಸ್ತು ಬೇರೆ, ರೂಪ ಬೇರೆ ಎಂಬ ಭೇದವು ಅರಿಸ್ಟಾಟಲನ ಕಾಲದಿಂದ ಬೇರೂರಿದೆ. ಪಾತ್ರೆಯಲ್ಲಿ ನೀರನ್ನು ತುಂಬುವಂತೆ ರೂಪದಲ್ಲಿ ವಸ್ತುವನ್ನು ತುಂಬುವುದೆಂದು ಅನೇಕರು ತಿಳಿದರು. ಡ್ಯೂಯಿ ತನ್ನ ಆರನೆಯ ಅಧ್ಯಾಯದಲ್ಲಿ ಈ ಭೇದವನ್ನು ಒಡೆಯುವಾಗ ಸೆಜಾನನನ್ನು ಸಾಕ್ಷಿಯಾಗಿ ಕರೆಯುತ್ತಾನೆ. ಮೆರಿಯನ್ನಿನಲ್ಲಿದ್ದ ‘ಇಸ್ಪೀಟು ಆಡುವವರು’ ಎಂಬ ದೊಡ್ಡ ಪಟದ ಮುಂದೆ ನಿಂತವನಿಗೆ ಯಾವುದು ವಸ್ತು, ಯಾವುದು ರೂಪವೆಂದು ಬಿಡಿಸಿ ತೋರಿಸಲು ಸಾಧ್ಯವಾಗುವುದಿಲ್ಲ. ಆ ರೈತರ ತೂಕವೂ ಮೌನವೂ ನೀಲಿ ಕಂದು ಬಣ್ಣಗಳ ಜೋಡಣೆಯಲ್ಲಿಯೇ ಇವೆ. ಜೋಡಣೆಯನ್ನು ತೆಗೆದರೆ ತೂಕವೂ ಇಲ್ಲ, ಮೌನವೂ ಇಲ್ಲ.

ಮೂರನೆಯವನು ವಾನ್ ಗೋ. ಭಾವವನ್ನು ಹೊರಚೆಲ್ಲುವುದೇ ಅಭಿವ್ಯಕ್ತಿಯೆಂಬುದು ರೊಮ್ಯಾಂಟಿಕ್ ಯುಗದಿಂದ ಬಂದ ಒಂದು ಸುಲಭವಾದ ನಂಬಿಕೆ. ಅಳುವ ಮಗುವೂ ಭಾವವನ್ನು ಹೊರಚೆಲ್ಲುತ್ತದೆ, ಅದು ಕಲೆಯಲ್ಲ. ವಾನ್ ಗೋ 1888ರಲ್ಲಿ ಆರ್ಲ್ಸ್ ಪಟ್ಟಣದಲ್ಲಿದ್ದಾಗ ರೋನ್ ನದಿಯ ಮೇಲಣ ಟ್ರಿಂಕಟಾಯ್ ಕಬ್ಬಿಣದ ಸೇತುವೆಯನ್ನು ಚಿತ್ರಿಸಿ, ಆ ವಿಷಯವಾಗಿ ತನ್ನ ತಮ್ಮನಿಗೆ ಬರೆದ ಪತ್ರವನ್ನು ಡ್ಯೂಯಿ ಎತ್ತಿಕೊಂಡು ವಿವೇಚಿಸುತ್ತಾನೆ. ಆ ಪತ್ರದಲ್ಲಿ ಚಿತ್ರಕಾರನು ದುಃಖವನ್ನು ವರ್ಣಿಸಿಕೊಳ್ಳುವುದಕ್ಕಿಂತ ಹೆಚ್ಚಾಗಿ ಆಕಾಶದ, ನದಿಯ, ದಂಡೆಯ ಬಣ್ಣಗಳನ್ನೂ ಅಲ್ಲಿ ಒರಗಿನಿಂತ ಜನರನ್ನೂ ಹೇಳುತ್ತಾನೆ. ಎದೆಯೊಡೆಯುವಂತಹುದೇನನ್ನೋ ಆ ಬಣ್ಣಗಳಲ್ಲಿ ಹಿಡಿಯಬೇಕೆಂಬ ಹಂಬಲವನ್ನು ತಿಳಿಸುತ್ತಾನೆ. ಡ್ಯೂಯಿ ಇದರಿಂದ ತೆಗೆಯುವ ನಿರ್ಣಯ ಮನನೀಯವಾದುದು. ದ್ರಾಕ್ಷಿಯು ಗಾಣದಲ್ಲಿ ಹಿಂಡಿದ ಮೇಲೆಯೇ ರಸವಾಗುವಂತೆ, ಭಾವವು ಮಾಧ್ಯಮದ ಪ್ರತಿರೋಧದಲ್ಲಿ ಹಾದು ಬಂದ ಮೇಲೆಯೇ ಅಭಿವ್ಯಕ್ತಿಯಾಗುತ್ತದೆ. ಸೇತುವೆಯೂ ಬದಲಾಯಿತು, ಚಿತ್ರಕಾರನ ದುಃಖವೂ ಬದಲಾಯಿತು. ಎರಡೂ ಸೇರಿ ಮೂರನೆಯದೊಂದು ಹುಟ್ಟಿತು.

ಈ ಮೂವರು ಕಲಿಸಿದ್ದನ್ನು ಒಂದೇ ಸೂತ್ರದಲ್ಲಿ ಕಟ್ಟುವುದಾದರೆ, ಕೈಯ ಕೆಲಸವೂ ಬುದ್ಧಿಯ ಕೆಲಸವೇ ಎಂಬುದು ಆ ಸೂತ್ರ. ಶಬ್ದಗಳಿಂದಲೋ ಅಂಕೆಗಳಿಂದಲೋ ಯೋಚಿಸುವುದು ಮಾತ್ರ ಚಿಂತನೆಯೆಂದು ಪಂಡಿತವರ್ಗವು ಬಹುಕಾಲದಿಂದ ನಂಬಿದೆ. ಬಣ್ಣಗಳ ಸಂಬಂಧಗಳಲ್ಲಿ ಯೋಚಿಸುವುದು ಅದಕ್ಕಿಂತ ಕಡಿಮೆ ಕಷ್ಟದ್ದಲ್ಲ, ಕೆಲವೊಮ್ಮೆ ಹೆಚ್ಚು ಕಷ್ಟದ್ದು ಎಂದು ಡ್ಯೂಯಿ ಪ್ರತಿಪಾದಿಸಿದನು. ಐವತ್ತು ವರ್ಷ ಶಬ್ದಗಳಲ್ಲಿಯೇ ಯೋಚಿಸಿ ಕೀರ್ತಿ ಗಳಿಸಿದವನ ಬಾಯಲ್ಲಿ ಈ ಮಾತು ಬಂದದ್ದರಿಂದ ಇದರ ಬೆಲೆ ಹೆಚ್ಚು. ಕಾಂಟನ ಪುಟಗಳಿಂದ ಇದು ಬರಲಾರದು. ಮಾತೀಸನು ಕೆಂಪಿನೊಡನೆ ಹೆಣಗಿದ್ದನ್ನು ತಿಳಿದವನಿಗೆ ಮಾತ್ರ ಬರುತ್ತದೆ.

ಅದೇ ಚಿತ್ರಕಾರರನ್ನು ನೋಡಿ ಬೇರೆಯವರು ಬೇರೆ ನಿರ್ಣಯಕ್ಕೆ ಬಂದದ್ದೂ ಉಂಟು. ಇಂಗ್ಲೆಂಡಿನ ಕ್ಲೈವ್ ಬೆಲ್ಲನು 1914ರಲ್ಲಿ, ಚಿತ್ರದಲ್ಲಿ ಎಣಿಕೆಗೆ ಬರುವುದು ಅರ್ಥವತ್ತಾದ ಆಕೃತಿ ಮಾತ್ರ, ಜೀವನದ ಭಾವಗಳಿಗೂ ಅದಕ್ಕೂ ಸಂಬಂಧವಿಲ್ಲವೆಂದು ಸಾರಿದನು. ರೋಜರ್ ಫ್ರೈ ಎಂಬ ವಿಮರ್ಶಕನೂ ಆ ದಾರಿಯಲ್ಲಿಯೇ ಸಾಗಿದನು. ಇಬ್ಬರಿಗೂ ಸೆಜಾನನೇ ಆದರ್ಶ. ಡ್ಯೂಯಿ ಅವರಿಂದ ಆಕೃತಿಯನ್ನು ನೋಡುವ ಸೂಕ್ಷ್ಮತೆಯನ್ನು ಸ್ವೀಕರಿಸಿದನು. ಜೀವನದಿಂದ ಆಕೃತಿಯನ್ನು ಕತ್ತರಿಸುವ ಕತ್ತಿಯನ್ನು ಸ್ವೀಕರಿಸಲಿಲ್ಲ. ಚಿತ್ರದಲ್ಲಿರುವಂತಹ ಹೆಂಗಸನ್ನು ತಾನು ಕಂಡಿಲ್ಲವೆಂದ ಮಹಿಳೆಯೊಬ್ಬಳಿಗೆ ಮಾತೀಸನು, ಅದು ಹೆಂಗಸಲ್ಲ, ಚಿತ್ರ ಎಂದು ಉತ್ತರಿಸಿದನೆಂಬ ಪ್ರಸಂಗವನ್ನು ಡ್ಯೂಯಿ ಸಂತೋಷದಿಂದ ಉಲ್ಲೇಖಿಸುತ್ತಾನೆ. ಆದರೆ ಆ ಚಿತ್ರವನ್ನು ನೋಡುವ ಕಣ್ಣು ಬದುಕಿನಲ್ಲಿ ಹೆಂಗಸರನ್ನೂ ಮಕ್ಕಳನ್ನೂ ಬೆಳಕನ್ನೂ ಕಂಡ ಕಣ್ಣೇ ಎಂಬುದನ್ನು ಅವನು ಮರೆಯುವುದಿಲ್ಲ.

ಇಲ್ಲಿ ಎರಡು ಆಕ್ಷೇಪಗಳಿಗೆ ಉತ್ತರ ಹೇಳಬೇಕಾಗುತ್ತದೆ. ಮೊದಲನೆಯದು ಹೀಗೆ. ಡ್ಯೂಯಿ ತನ್ನ ಯೌವನದಲ್ಲಿ ಹೆಗೆಲನ ಅನುಯಾಯಿಯಾಗಿದ್ದನು. ಅಖಂಡತೆ, ಪರಿಪೂರ್ತಿ, ಅಂಗಾಂಗಿಭಾವ ಮುಂತಾದವು ಆ ಹಳೆಯ ಆದರ್ಶವಾದದ ಉಳಿಕೆಗಳೇ ಹೊರತು ಚಿತ್ರಕಾರರ ಕಾಣಿಕೆಯಲ್ಲ ಎಂಬ ವಾದವಿದೆ. ಅಮೆರಿಕದ ಸ್ಟೀಫನ್ ಪೆಪ್ಪರ್ ಎಂಬ ವಿದ್ವಾಂಸನೂ ಇಟಲಿಯ ಕ್ರೋಚೆಯೂ ಇದಕ್ಕೆ ಸಮೀಪವಾದ ಮಾತುಗಳನ್ನು ಹೇಳಿದ್ದಾರೆ. ಇದರಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಹೆಗೆಲನ ಅಖಂಡತೆಯು ಚೈತನ್ಯದ ಸ್ವಭಾವದಿಂದಲೇ ದೊರೆಯುವಂತಹುದು. ಡ್ಯೂಯಿಯ ಅಖಂಡತೆಯು ಒಂದೊಂದು ಕುಂಚದೆಳೆಯಿಂದ ಸಂಪಾದಿಸಬೇಕಾದುದು, ಯಾವ ಕ್ಷಣದಲ್ಲಿಯೂ ಕೈತಪ್ಪಬಹುದಾದುದು. ಪಿತ್ರಾರ್ಜಿತವಾದ ಸ್ವತ್ತಿಗೂ ದುಡಿದು ಗಳಿಸಿದ ಸ್ವತ್ತಿಗೂ ಇರುವ ಭೇದ ಇಲ್ಲಿದೆ. ಈ ದುಡಿಮೆಯ ಲಕ್ಷಣವನ್ನು ಕಲಿಸಿದವರು ಚಿತ್ರಕಾರರೇ.

ಎರಡನೆಯ ಆಕ್ಷೇಪ ಇನ್ನೂ ಬಲವಾದುದು. ಡ್ಯೂಯಿ ನೋಡಿದ್ದು ಬಾರ್ನ್ಸನು ತೋರಿಸಿದ್ದನ್ನು. ಎರವಲು ಕಣ್ಣಿನಿಂದ ನೋಡಿದವನ ಸಾಕ್ಷ್ಯಕ್ಕೆ ಎಷ್ಟು ಬೆಲೆ? ಬಾರ್ನ್ಸನ ರುಚಿಯ ಗಡಿಯೇ ಬಹುಮಟ್ಟಿಗೆ ಡ್ಯೂಯಿಯ ಗ್ರಂಥದ ಗಡಿಯೂ ಆಯಿತು. 1934ರ ಹೊತ್ತಿಗೆ ಯೂರೋಪಿನಲ್ಲಿ ಆಕೃತಿಯನ್ನೇ ಬಿಟ್ಟು ಮುಂದೆ ಹೋಗಿದ್ದ ಚಿತ್ರಪಂಥಗಳಿಗೆ ಅಲ್ಲಿ ರೆನ್ವಾರ್, ಸೆಜಾನ್, ಮಾತೀಸರಿಗೆ ದೊರೆತ ಸ್ಥಾನ ದೊರೆಯಲಿಲ್ಲ. ಈ ನ್ಯೂನತೆಯನ್ನು ಒಪ್ಪಲೇಬೇಕು. ಆದರೂ ಯಾವ ವಿದ್ಯೆಯನ್ನೇ ಆಗಲಿ ಯಾರಾದರೊಬ್ಬರು ತೋರಿಸಿಕೊಟ್ಟಲ್ಲದೆ ಕಣ್ಣು ತೆರೆಯುವುದಿಲ್ಲ. ತೋರಿಸಿದವನು ಬೆಳಕಿನ ವಿನ್ಯಾಸ, ರೇಖೆ, ಬಣ್ಣ, ಅವಕಾಶಗಳ ವಿಶ್ಲೇಷಣೆಗೆ ಮೊದಲ ಸ್ಥಾನವನ್ನಿತ್ತನು. ನೋಡಿದವನು ಅದನ್ನು ದಾಟಿ, ಆ ವಿನ್ಯಾಸದ ಹಿಂದಿನ ಜೀವನವನ್ನೂ ಕಂಡನು. ಎರವಲು ಪಡೆದ ದೀಪದಿಂದ ತನ್ನ ಮನೆಯನ್ನು ಬೆಳಗಿಕೊಂಡವನನ್ನು ಅನುಕರಣಶೀಲನೆನ್ನಲಾಗದು.

ಭಾರತೀಯ ಕಾವ್ಯಮೀಮಾಂಸೆಯನ್ನು ಓದಿದವರಿಗೆ ಈ ಸಂದರ್ಭದಲ್ಲಿ ಸಹಜವಾಗಿ ಒಂದು ಸಂದೇಹ ತೋರುತ್ತದೆ. ‘ಅನುಭವ’ವೆಂಬ ಶಬ್ದವು ಕಿವಿಗೆ ಬಿದ್ದೊಡನೆ ರಸಾನುಭವವು ನೆನಪಾಗಿ, ಡ್ಯೂಯಿ ಹೇಳಿದ್ದೂ ಅಭಿನವಗುಪ್ತನು ಹೇಳಿದ್ದೂ ಒಂದೇ ಎಂದು ಸಮೀಕರಿಸುವ ಆತುರ ಹುಟ್ಟುತ್ತದೆ. ಆ ಆತುರವನ್ನು ತಡೆಯಬೇಕು. ಅಭಿನವಗುಪ್ತನ ರಸವು ಅಲೌಕಿಕವಾದುದು. ಲೌಕಿಕ ಭಾವಗಳು ಸಾಧಾರಣೀಕರಣದಿಂದ ತಮ್ಮ ಲೌಕಿಕತ್ವವನ್ನು ಕಳಚಿಕೊಂಡ ಮೇಲೆಯೇ ಸಹೃದಯನಿಗೆ ಆಸ್ವಾದ. ಡ್ಯೂಯಿಯ ಅನುಭವವಾದರೋ ಲೌಕಿಕದ ಪರಿಪಾಕವೇ. ಅದು ಲೋಕವನ್ನು ದಾಟುವುದಿಲ್ಲ, ಲೋಕದಲ್ಲಿಯೇ ಮಾಗುತ್ತದೆ. ಒಂದು ದರ್ಶನವು ಸಹೃದಯನ ಆಸನದಿಂದ ಹೊರಟಿತು. ಇನ್ನೊಂದು ಕೆಲಸ ಮಾಡುವವನ ಕೈಯಿಂದ ಹೊರಟಿತು. ಎರಡನ್ನೂ ಬೆರಸಿ ಕೆಡಿಸುವುದಕ್ಕಿಂತ ಎದುರುಬದುರಾಗಿಟ್ಟು ನೋಡುವುದು ಲಾಭಕರ. ರಸಸಿದ್ಧಾಂತವು ಆಸ್ವಾದದ ರಹಸ್ಯವನ್ನು ವಿವರಿಸಿದಷ್ಟು ಆಳವಾಗಿ ಡ್ಯೂಯಿ ವಿವರಿಸಲಿಲ್ಲ. ಡ್ಯೂಯಿ ನಿರ್ಮಾಣದ ಶ್ರಮವನ್ನು ಗೌರವಿಸಿದಷ್ಟು ಆ ಸಿದ್ಧಾಂತದ ವ್ಯಾಖ್ಯಾತೃಗಳು ಗೌರವಿಸಲಿಲ್ಲವೆಂಬುದನ್ನೂ ಸಂಕೋಚವಿಲ್ಲದೆ ಒಪ್ಪಬಹುದು.

ಇನ್ನು ದಾನಿಗಳಾದವರು ಮನನ ಮಾಡಬೇಕಾದ ಒಂದು ಪ್ರಕರಣವು ಈ ವೃತ್ತಾಂತದಲ್ಲಿದೆ. 1923ರಲ್ಲಿ ಬಾರ್ನ್ಸನು ತನ್ನ ಸಂಗ್ರಹದ ಕೆಲವು ಪಟಗಳನ್ನು ಫಿಲಡೆಲ್ಫಿಯಾದಲ್ಲಿ ಪ್ರದರ್ಶಿಸಿದಾಗ ಪತ್ರಿಕೆಗಳ ವಿಮರ್ಶಕರು ಅವನ್ನು ಅಪಹಾಸ್ಯ ಮಾಡಿದರು. ಆ ಕಹಿಯನ್ನು ಅವನು ಮರೆಯಲಿಲ್ಲ. ಕಾರ್ಖಾನೆಯ ಕೂಲಿಕಾರರಿಗೆ ಚಿತ್ರಗಳನ್ನು ತೆರೆದಿಟ್ಟ ಅದೇ ಕೈಯೇ ವಿದ್ವಾಂಸರ ಮತ್ತು ಗಣ್ಯರ ಮುಖದ ಮೇಲೆ ಬಾಗಿಲು ಮುಚ್ಚಿತು. ತನ್ನ ಕಾಲಾನಂತರವೂ ಒಂದು ಪಟವನ್ನೂ ಸ್ಥಾನದಿಂದ ಕದಲಿಸಬಾರದೆಂದು ಅವನು ಕಟ್ಟುಮಾಡಿದನು. ಅವನು ತೀರಿಕೊಂಡು ಹತ್ತು ವರ್ಷಗಳ ಮೇಲೆ, ನ್ಯಾಯಾಲಯದ ವ್ಯಾಜ್ಯದ ಫಲವಾಗಿ, 1961ರಲ್ಲಿ ಸಾರ್ವಜನಿಕರಿಗೆ ಮಿತವಾದ ಪ್ರವೇಶ ದೊರೆಯಿತು. ದೀರ್ಘವಾದ ವಿವಾದದ ಅನಂತರ 2012ರಲ್ಲಿ ಸಂಗ್ರಹವೆಲ್ಲವೂ ಫಿಲಡೆಲ್ಫಿಯಾ ನಗರಮಧ್ಯದ ಹೊಸ ಭವನಕ್ಕೆ ಹೋಯಿತು. ಅಲ್ಲಿಯೂ ಪಟಗಳನ್ನು ಬಾರ್ನ್ಸನು ಜೋಡಿಸಿದ್ದ ಕ್ರಮದಲ್ಲಿಯೇ ತೂಗುಹಾಕಿದ್ದಾರೆ. ಕಲೆಯು ಎಲ್ಲರ ಬದುಕಿನ ಹಕ್ಕೆಂದು ಸಾರಿದ ಗ್ರಂಥವು ಮುಚ್ಚಿದ ಬಾಗಿಲಿನ ಹಿಂದೆ ಹುಟ್ಟಿತೆಂಬುದು ವಿಧಿವಿಲಾಸ. ಕೊಟ್ಟ ದಾನವನ್ನು ತನ್ನ ಸಿಟ್ಟಿಗೆ ಕಟ್ಟಿಹಾಕಿದ ದಾನಿಯು ಅರ್ಧ ಮಾತ್ರ ಕೊಟ್ಟಂತೆ.

ಬಾರ್ನ್ಸನು ಮುಚ್ಚಿದ ಬಾಗಿಲನ್ನು ಡ್ಯೂಯಿಯ ಗ್ರಂಥವೇ ಬೇರೊಂದು ಕಡೆ ತೆರೆಯಿತು. ಅಮೆರಿಕವು ಆರ್ಥಿಕ ಮುಗ್ಗಟ್ಟಿನಲ್ಲಿ 1935ರಲ್ಲಿ ನಿರುದ್ಯೋಗಿಗಳಾದ ಕಲಾವಿದರಿಗೆ ಸರ್ಕಾರದಿಂದಲೇ ಕೆಲಸ ಕೊಡುವ ಯೋಜನೆಯನ್ನು ಕೈಗೊಂಡಾಗ ಅದರ ನಿರ್ದೇಶಕನಾದವನು ಹೋಲ್ಗರ್ ಕೇಹಿಲ್. ಡ್ಯೂಯಿಯ ವಿಚಾರಗಳಿಂದ ಗಾಢವಾಗಿ ಪ್ರಭಾವಿತನಾದವನು. ಆ ಯೋಜನೆಯಿಂದ ಸಣ್ಣ ಪಟ್ಟಣಗಳಲ್ಲಿಯೂ ಸಾರ್ವಜನಿಕ ಕಲಾಕೇಂದ್ರಗಳು ತೆರೆದವು. ಮಕ್ಕಳೂ ಕೂಲಿಗಾರರೂ ಗೃಹಿಣಿಯರೂ ಅಲ್ಲಿ ಕುಂಚ ಹಿಡಿದರು. ಚಿತ್ರಕಾರರಿಂದ ತತ್ತ್ವಜ್ಞಾನಿಗೆ ಬಂದ ವಿದ್ಯೆ, ತತ್ತ್ವಜ್ಞಾನಿಯಿಂದ ಮತ್ತೆ ಚಿತ್ರಕಾರರಿಗೂ ಜನತೆಗೂ ಹಿಂದಿರುಗಿತು. ಋಣ ತೀರಿತು.

ಈ ಎಲ್ಲದರಿಂದ ವಿದ್ಯಾಸಂಸ್ಥೆಗಳು ಗ್ರಹಿಸಬೇಕಾದುದೇನು? ವೇಳಾಪಟ್ಟಿಯಲ್ಲಿ ಚಿತ್ರಕಲೆಗೆಂದು ವಾರಕ್ಕೊಂದೆರಡು ಅವಧಿಗಳನ್ನು ಮೀಸಲಿಡುವ ಶಾಲೆಗಳು ಉಂಟು. ಪರೀಕ್ಷೆ ಹತ್ತಿರ ಬಂದಾಗ ಗಣಿತಕ್ಕೋ ವಿಜ್ಞಾನಕ್ಕೋ ಮೊದಲು ಬಲಿಯಾಗುವುದು ಆ ಅವಧಿಗಳೇ. ಅಧಿಕಾರಿಗಳು ಬರುವಾಗ ಗೋಡೆಯನ್ನು ಶೃಂಗರಿಸಲು ನೆನಪಾಗುವ ಚಿತ್ರಕಲಾ ಶಿಕ್ಷಕನು ಪಾಠಕ್ರಮದ ಚರ್ಚೆಯಲ್ಲಿ ನೆನಪಾಗುವುದಿಲ್ಲ. ಇದಕ್ಕೆ ಕಾರಣ ದ್ವೇಷವಲ್ಲ. ಕೈಯ ಕೆಲಸದಲ್ಲಿ ಬುದ್ಧಿಗೆ ಕೆಲಸವಿಲ್ಲವೆಂಬ ಹಳೆಯ ಭ್ರಮೆ. ಬಣ್ಣದ ಪೆಟ್ಟಿಗೆಯನ್ನು ಮುಂದಿಟ್ಟುಕೊಂಡ ಬಾಲಕನು ಹಸಿರಿನ ಪಕ್ಕದಲ್ಲಿ ಕೆಂಪನ್ನಿಟ್ಟು, ಹಿಂದೆ ಸರಿದು ನೋಡಿ, ತಲೆಯಲ್ಲಾಡಿಸಿ ತಿದ್ದುವಾಗ ಅವನು ಆಟವಾಡುತ್ತಿಲ್ಲ. ತಾನು ಮಾಡಿದ್ದರ ಫಲವನ್ನು ತಾನೇ ಕಂಡು, ಮುಂದಿನ ಹೆಜ್ಜೆಯನ್ನು ತಾನೇ ನಿರ್ಣಯಿಸುತ್ತಿದ್ದಾನೆ. ಗಣಿತದ ಉತ್ತರವನ್ನು ಗುರುವು ತಿದ್ದುತ್ತಾನೆ. ಚಿತ್ರದ ಉತ್ತರವನ್ನು ಬಾಲಕನ ಕಣ್ಣೇ ತಿದ್ದಬೇಕು. ಆ ಕಣ್ಣನ್ನು ತೆರೆಸದ ವಿದ್ಯೆ ಎಷ್ಟೇ ಅಂಕಗಳನ್ನು ತಂದರೂ ಅಪೂರ್ಣ.

ಇದಕ್ಕಾಗಿ ಸೆಜಾನನ ಮೂಲಪಟಗಳು ಬೇಕಾಗಿಲ್ಲ. ಲಕ್ಷಾಂತರ ರೂಪಾಯಿಗಳೂ ಬೇಕಾಗಿಲ್ಲ. ಬೆಳಕಿರುವ ಒಂದು ಕೋಣೆ, ಒಳ್ಳೆಯ ಅಚ್ಚಿನ ಹತ್ತಾರು ಚಿತ್ರಗಳು, ಸಾಕಷ್ಟು ಬಣ್ಣ ಕಾಗದಗಳು, ಯಾರೂ ಕಸಿದುಕೊಳ್ಳದ ವಾರದ ಎರಡು ಅವಧಿಗಳು, ಮತ್ತು ಇತರ ಉಪಾಧ್ಯಾಯರ ಸಮನಾಗಿ ಆಸನ ಪಡೆದ ಒಬ್ಬ ಚಿತ್ರಕಲಾ ಶಿಕ್ಷಕ, ಇಷ್ಟು ಸಾಕು. ಇದಕ್ಕೆ ಮೇಲಾಗಿ, ಭಾಷೆ ಗಣಿತಗಳನ್ನು ಬೋಧಿಸುವ ಹಿರಿಯ ಉಪಾಧ್ಯಾಯರು ಆಗಾಗ ಆ ಕೋಣೆಗೆ ಹೋಗಿ ಮಕ್ಕಳ ಹಿಂದೆ ಮೌನವಾಗಿ ನಿಂತು ನೋಡಿದರೆ ಅದಕ್ಕಿಂತ ದೊಡ್ಡ ಸಂಸ್ಕಾರ ಬೇರಿಲ್ಲ. ಜಗದ್ವಿಖ್ಯಾತನಾದ ಆಚಾರ್ಯನೊಬ್ಬನು ತನ್ನ ಎಪ್ಪತ್ತನೆಯ ವಯಸ್ಸಿನಲ್ಲಿ ಹಾಗೆ ನಿಂತು ನೋಡಲು ನಾಚಲಿಲ್ಲ. ಲಕ್ಷ್ಯದ ಮುಂದೆ ಲಕ್ಷಣಕಾರನು ತಲೆಬಾಗಿದ ದಿನವೇ ಶಾಸ್ತ್ರಕ್ಕೆ ಜೀವ ಬಂದ ದಿನ. ಕಲಿಯುವವರ ಮುಂದೆ ಕಲಿಸುವವರು ಕಲಿಯಲು ನಿಂತ ದಿನವೇ ಶಾಲೆಗೂ ಜೀವ ಬರುತ್ತದೆ.